ಬೀದರಿನ ನೀರು: ಸುರಂಗ ಬಾವಿಯಿಂದ ನಳದವರೆಗೆ

ಬೀದರ್ ಎಂದ ಕೂಡಲೇ ಕೋಟೆ, ಮದರಸಾ, ಅಷ್ಟೂರಿನ ಗುಮ್ಮಟ ಎಂದು ಬರೆದು ಮುಂದೆ ಹೋಗುತ್ತೇವೆ. ಅಷ್ಟು ದೊಡ್ಡ ರಾಜಧಾನಿ ಕುಡಿದದ್ದು ಎಲ್ಲಿಯ ನೀರು? ಊರು ಸಮುದ್ರ ಮಟ್ಟದಿಂದ 2,000 ಅಡಿಗೂ ಎತ್ತರದ ಕೆಂಪು ಕಲ್ಲಿನ ದಿಬ್ಬದ ಮೇಲಿದೆ. ಮಾಂಜ್ರಾ ನದಿ ದೂರದಲ್ಲಿ, ತಗ್ಗಿನಲ್ಲಿ ಹರಿಯುತ್ತದೆ. ದಂಡೆತ್ತಿ ಬರುವವರನ್ನು ತಡೆಯಲು ಈ ಎತ್ತರ ಅನುಕೂಲ, ನೀರಿಗೆ ಮಾತ್ರ ಕಷ್ಟ. ಈ ಕಷ್ಟವನ್ನು ಯಾವ ಕಾಲದವರು ಹೇಗೆ ನೀಗಿಸಿಕೊಂಡರು ಎಂಬುದೇ ಬೀದರಿನ ನೀರಿನ ಇತಿಹಾಸ. ಅದಕ್ಕೇ ರಾಜರ ಹೆಸರಿಗಿಂತ ಮೊದಲು ಕಲ್ಲನ್ನು ತಿಳಿದುಕೊಳ್ಳಬೇಕು.

ಕಲ್ಲಿನ ಪಾಠ

ದಿಬ್ಬದ ಮೇಲ್ಪದರ ಜಂಬಿಟ್ಟಿಗೆ, ಅಂದರೆ ಲ್ಯಾಟರೈಟ್. ಕೆಳಗಿರುವುದು ದಖ್ಖನಿನ ಕಪ್ಪು ಬಸಾಲ್ಟ್. ಜಂಬಿಟ್ಟಿಗೆಯ ತುಂಬ ಸಣ್ಣ ಸಣ್ಣ ತೂತು. ಮಳೆನೀರು ಅದರೊಳಗೆ ಸುಲಭವಾಗಿ ಇಳಿಯುತ್ತದೆ. ಗಟ್ಟಿ ಬಸಾಲ್ಟ್ ಸಿಕ್ಕಾಗ ಇಳಿಯಲಾರದೆ ಎರಡೂ ಕಲ್ಲುಗಳ ನಡುವೆ ಅಡ್ಡಕ್ಕೆ ಸಾಗಿ, ದಿಬ್ಬದ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ನಾನಕ್ ಝೀರಾ ಸಾಹೇಬ್ ಗುರುದ್ವಾರದ ಒರತೆ ಇಂಥದ್ದು. ಝರಣಿ ನರಸಿಂಹನ ಗುಹೆಯೂ ಹಾಗೆಯೇ: ಅಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು ದೇವರ ಹತ್ತಿರ ಹೋಗುತ್ತಾರೆ. ಧರ್ಮ ಬೇರೆ ಬೇರೆಯಾದರೂ ನೀರು ಬರುವ ಬಗೆ ಒಂದೇ. ಈ ಒಂದು ಸಂಗತಿ ಮನಸ್ಸಿಗೆ ಹತ್ತಿದರೆ ಮುಂದಿನದೆಲ್ಲ ಸಲೀಸು.

ಜಂಬಿಟ್ಟಿಗೆಗೆ ಇನ್ನೊಂದು ಗುಣವಿದೆ. ನೆಲದೊಳಗೆ ಮೆತ್ತಗಿದ್ದು, ಕಡಿದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಹೀಗಾಗಿ ಅದರೊಳಗೆ ಸುರಂಗ ಕೊರೆಯಬಹುದು.

ಬಹಮನಿಗಳ ಸುರಂಗ ಬಾವಿ

1422ರಿಂದ 1436ರವರೆಗೆ ಆಳಿದ ಅಹ್ಮದ್ ಶಾಹ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಆತನ ಆಸ್ಥಾನಕ್ಕೂ ಇರಾನಿಗೂ ಹತ್ತಿರದ ನಂಟಿತ್ತು. ಕಿರ್ಮಾನಿನ ಸೂಫಿ ಶಾಹ ನೇಮತುಲ್ಲಾ ಅವರನ್ನು ಆತ ಗೌರವಿಸುತ್ತಿದ್ದ. ಅವರ ಮಗ ಖಲೀಲುಲ್ಲಾ ಬೀದರಿಗೇ ಬಂದರು, ಅವರ ಸಮಾಧಿ ಕಟ್ಟಡವಾದ ಚೌಖಂಡಿ ಇಂದಿಗೂ ಅಷ್ಟೂರಿನ ದಾರಿಯಲ್ಲಿದೆ. ಕಿರ್ಮಾನ್ ಒಣನಾಡು. ನೆಲದಡಿಯ ಸುರಂಗದಲ್ಲಿ ನೀರು ತರುವ ವಿದ್ಯೆ ಅಲ್ಲಿ ಬಹಳ ಹಳೆಯದು. ಅದೇ ವಿದ್ಯೆ ಇಲ್ಲಿ ಕರೇಜ್ ಆಯಿತು. ಜನ ಸುರಂಗ ಬಾವಿ ಎಂದರು.

ಅದು ಕೆಲಸ ಮಾಡುವ ಬಗೆಯನ್ನು ಚಿತ್ರ ಬರೆದುಕೊಂಡೇ ಕಲಿಯಿರಿ. ಎತ್ತರದ ಜಾಗದಲ್ಲಿ ಒರತೆ ತಾಗುವವರೆಗೆ ತಾಯಿಬಾವಿ ತೋಡುತ್ತಾರೆ. ಅಲ್ಲಿಂದ ಊರಿನ ಕಡೆಗೆ ತೀರ ಸಣ್ಣ ಇಳಿಜಾರಿನಲ್ಲಿ ಸುರಂಗ ಕೊರೆಯುತ್ತಾರೆ. ಇಳಿಜಾರು ಹೆಚ್ಚಾದರೆ ನೀರು ರಭಸದಿಂದ ಹರಿದು ಸುರಂಗವನ್ನೇ ಕೊರೆಯುತ್ತದೆ, ಕಡಿಮೆಯಾದರೆ ಹೂಳು ನಿಲ್ಲುತ್ತದೆ. ಸುರಂಗದ ಉದ್ದಕ್ಕೂ ಅಲ್ಲಲ್ಲಿ ಮೇಲಿಂದ ಬಾವಿಯಂಥ ಕಿಂಡಿಗಳು. ಕಡಿದ ಮಣ್ಣು ಮೇಲೆ ಬರುವುದು, ಒಳಗಿನವರಿಗೆ ಗಾಳಿ ಸಿಗುವುದು, ಜನ ಕೊಡ ಇಳಿಬಿಟ್ಟು ನೀರು ಸೇದುವುದು, ಹೂಳೆತ್ತಲು ಆಳು ಇಳಿಯುವುದು ಎಲ್ಲವೂ ಈ ಕಿಂಡಿಗಳಿಂದಲೇ. ಬೀದರಿನಲ್ಲಿ ನೌಬಾದ್, ಶುಕ್ಲತೀರ್ಥ, ಜಮುನಾ ಮೋರಿ ಎಂಬ ಕರೇಜ್‌ಗಳಿವೆ. ನೌಬಾದಿನದು ಸುಮಾರು 3 ಕಿ.ಮೀ. ಉದ್ದ, 21 ಕಿಂಡಿಗಳು ಗುರುತಾಗಿವೆ.

ಬಹಳ ಜನ ಇದನ್ನು ಕಲ್ಯಾಣಿ, ಮೆಟ್ಟಿಲುಬಾವಿಗಳ ಸಾಲಿಗೆ ಸೇರಿಸುತ್ತಾರೆ. ಅವು ನೀರು ನಿಲ್ಲುವ ಜಾಗ, ಕರೇಜ್ ನೀರು ಹರಿಯುವ ದಾರಿ. ಎತ್ತಿನ ಕಪಿಲೆಯೂ ಬೇಡ, ಇಳಿಜಾರೇ ನೀರನ್ನು ತರುತ್ತದೆ. ಇನ್ನೊಂದು ಮುಖ್ಯ ಸಂಗತಿ: ಮಳೆ ಎಷ್ಟು ಇಳಿಸಿದೆಯೋ ಅಷ್ಟನ್ನೇ ಕರೇಜ್ ಕೊಡುತ್ತದೆ. ಒರತೆಯ ಮಟ್ಟ ಸುರಂಗಕ್ಕಿಂತ ಕೆಳಗೆ ಹೋದರೆ ಹರಿವು ತಾನಾಗಿ ನಿಲ್ಲುತ್ತದೆ. ನೆಲದ ನೀರನ್ನು ತಳ ಕಾಣುವವರೆಗೆ ಎಳೆಯುವ ಶಕ್ತಿ ಅದಕ್ಕಿಲ್ಲ. ನನ್ನ ಮಟ್ಟಿಗೆ ಈ ವ್ಯವಸ್ಥೆಯ ಅತಿ ದೊಡ್ಡ ಗುಣ ಇದೇ. ಬೋರ್‌ವೆಲ್ಲಿಗೆ ಅಂಥ ಮಿತಿಯಿಲ್ಲ.

ಪಂಪಿನ ಕಾಲ

1948ರವರೆಗೆ ನಿಜಾಮರ ಆಳ್ವಿಕೆ, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರ್ಪಡೆ. ನೀರಿನ ದೃಷ್ಟಿಯಿಂದ ನೆನಪಿಡಬೇಕಾದದ್ದು 1973ರ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಕಾಯ್ದೆ. ಬೆಂಗಳೂರಿಗೆ 1964ರಲ್ಲೇ ಬೇರೆ ಜಲಮಂಡಳಿ ಆಗಿತ್ತು. ಉಳಿದ ಊರುಗಳ ಯೋಜನೆಗಳು ಈ ಮಂಡಳಿಯ ಪಾಲಿಗೆ ಬಂದವು. ಬೀದರಿಗೆ ಈಗ ನೀರು ಬರುವುದು ಮಾಂಜ್ರಾ ನದಿ ಮತ್ತು ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯದಿಂದ. ಎರಡೂ ದಿಬ್ಬದ ಕೆಳಗಿವೆ. ಹನಿ ಹನಿಯನ್ನೂ ಪಂಪು ಮೇಲೆತ್ತಬೇಕು. ಕರೆಂಟ್ ಹೋದರೆ, ಪೈಪ್ ಒಡೆದರೆ ನಳ ಒಣಗುತ್ತದೆ. ಮೊದಲು ಎತ್ತರದಿಂದ ಇಳಿದು ಬರುತ್ತಿದ್ದ ನೀರು ಈಗ ತಗ್ಗಿನಿಂದ ಹತ್ತಿ ಬರಬೇಕಾಗಿದೆ.

ಪಕ್ಕದ ಕಲಬುರಗಿಯನ್ನೂ ಹೋಲಿಸಿ ಓದಿ. ಅಲ್ಲಿ ಭೀಮಾ ನದಿ, ಬೆಣ್ಣೆತೊರಾ ಜಲಾಶಯ ಆಧಾರ. ವಿಶ್ವಬ್ಯಾಂಕ್ ನೆರವಿನಿಂದ 2004ರಲ್ಲಿ ಶುರುವಾದ ಯೋಜನೆಯಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿಯ ಜೊತೆ ಕಲಬುರಗಿಯ ಕೆಲವು ಬಡಾವಣೆಗಳಿಗೂ ದಿನದ 24 ಗಂಟೆ ಮೀಟರ್ ಹಾಕಿದ ನೀರು ಕೊಡಲಾಯಿತು.

ಸುರಂಗಗಳಿಗೆ ಏನಾಯಿತು?

ನಳ ಬಂದ ಮೇಲೆ ಹೂಳೆತ್ತುವ ಕೆಲಸ ಯಾರದ್ದೂ ಆಗಿ ಉಳಿಯಲಿಲ್ಲ. ಕಿಂಡಿಗಳಿಗೆ ಕಸ ಬಿತ್ತು, ಕೆಲವು ಮುಚ್ಚಿಹೋದವು. 2014ರಲ್ಲಿ ವಿಶ್ವ ಸ್ಮಾರಕ ನಿಧಿಯ ನಿಗಾ ಪಟ್ಟಿಗೆ, ಅಂದರೆ ಅಪಾಯದಲ್ಲಿರುವ ಪಾರಂಪರಿಕ ತಾಣಗಳ ಪಟ್ಟಿಗೆ, ಬೀದರ್ ನಗರ ಸೇರಿತು. ಅದೇ ಹೊತ್ತಿನಲ್ಲಿ ನೌಬಾದಿನ ಕರೇಜ್‌ನ ಹೂಳೂ ಎತ್ತಿದರು. ಆದರೆ ಬಾಯಿ ಸ್ವಚ್ಛ ಮಾಡಿದರೆ ಸಾಲದು. ತಾಯಿಬಾವಿಯ ಸುತ್ತಲಿನ ನೆಲ ಮಳೆ ಕುಡಿಯಬೇಕು, ಅಲ್ಲಿ ಬೋರ್‌ವೆಲ್‌ಗಳಿಗೆ ಹಿಡಿತ ಬೇಕು. ಅಂತರ್ಜಲ ನಿಯಂತ್ರಣಕ್ಕೆ ರಾಜ್ಯದಲ್ಲಿ 2011ರ ಕಾಯ್ದೆಯಿದೆ. ಸುರಂಗ ಮಾತ್ರ ಪಾರಂಪರಿಕ ಸ್ಮಾರಕ ಎನಿಸಿಕೊಂಡು, ಅದಕ್ಕೆ ನೀರು ಕೊಡುವ ಹೊಲ, ಲೇಔಟ್‌ಗಳು ಬೇರೆ ಬೇರೆ ಇಲಾಖೆಗಳ ಕಡತದಲ್ಲಿ ಇರುವವರೆಗೆ ರಕ್ಷಣೆ ಅರ್ಧವೇ.

ಅಭ್ಯಾಸಕ್ಕೆ: ಬೀದರಿನ ನಕ್ಷೆಯಲ್ಲಿ ನಾನಕ್ ಝೀರಾ, ಝರಣಿ ನರಸಿಂಹ, ಪಾಪನಾಶ ಶಿವಾಲಯ, ನೌಬಾದ್ ಗುರುತಿಸಿ, ದಿಬ್ಬದ ಅಂಚಿನ ಗೆರೆ ಎಳೆಯಿರಿ. ಆಮೇಲೆ ಈ ಪ್ರಶ್ನೆಗೆ ಉತ್ತರ ಬರೆಯಿರಿ: ನೌಬಾದಿನ ಮೇಲ್ಭಾಗದಲ್ಲಿ ಹೊಸ ಬಡಾವಣೆ ಬಂದು ನೆಲಕ್ಕೆಲ್ಲ ಕಾಂಕ್ರೀಟ್ ಬಿದ್ದರೆ, ಸುರಂಗದ ಕಲ್ಲು ಒಂದೂ ಕದಲದಿದ್ದರೂ ನೀರಿಗೆ ಏನಾಗುತ್ತದೆ?