ವಿಡಿಯೋ ಡೆಫಿಸಿಟ್ ಅಂದ್ರೆ ಏನು?

ನಮ್ಮಕ್ಕನ ಮಗಳಿಗೆ ಈಗ ಒಂದು ವರ್ಷ ಹತ್ತು ತಿಂಗಳು. ಮೊಬೈಲ್ ನೋಡಿ ನೋಡಿ ರೆಡ್ಡು ಬ್ಲೂ ಯೆಲ್ಲೋ ಅಂತ ಹಾಡ್ತಾಳೆ, ಒನ್ ಟೂ ತ್ರೀ ಹೇಳ್ತಾಳೆ, ಆದ್ರೆ ಬಾಯಾರಿದ್ರೆ ನೀರು ಅಂತ ಕೇಳಲ್ಲ, ನಮ್ಮ ಕೈ ಹಿಡ್ಕೊಂಡು ಲೋಟದ ಹತ್ರ ಎಳ್ಕೊಂಡು ಹೋಗ್ತಾಳೆ. ಎದುರಿಗೆ ಕೆಂಪು ಬಕೆಟ್ ಇಟ್ಟು ಇದ್ಯಾವ ಕಲರ್ ಪುಟ್ಟಿ ಅಂದ್ರೆ ಮುಖ ನೋಡ್ತಾಳೆ. ಅಕ್ಕನಿಗೆ ಎಷ್ಟೊಂದು ಕಲ್ತಿದ್ದಾಳೆ ಅಂತ ಖುಷಿ, ಅಮ್ಮನಿಗೆ ಮಗು ಯಾಕೆ ಮಾತಾಡ್ತಿಲ್ಲ ಅಂತ ಚಿಂತೆ. ಇವೆರಡೂ ಒಟ್ಟಿಗೆ ಹೇಗೆ ಆಗುತ್ತೆ ಅನ್ನೋದು ಈ ಪದ ಗೊತ್ತಾದ್ಮೇಲೆ ನಂಗೆ ಅರ್ಥ ಆಯ್ತು.

ಡೆಫಿಸಿಟ್ ಅಂದ್ರೆ ಕೊರತೆ. ಆದ್ರೆ ವಿಡಿಯೋ ಕೊರತೆ ಅಂತ ಕನ್ನಡ ಮಾಡಿದ್ರೆ ಮಗುಗೆ ವಿಡಿಯೋ ಸಾಲ್ತಿಲ್ಲ ಅಂತ ಉಲ್ಟಾ ಅರ್ಥ ಬರುತ್ತೆ, ಅದಕ್ಕೆ ಇಂಗ್ಲಿಷ್ ಪದಾನೇ ಇಟ್ಕೊಂಡಿದೀನಿ. ಎದುರಿಗೆ ಕೂತ ಮನುಷ್ಯರಿಂದ ಕಲಿಯೋದಕ್ಕಿಂತ ಅದೇ ವಿಷಯಾನ ಸ್ಕ್ರೀನಿಂದ ಪುಟ್ಟ ಮಕ್ಕಳು ಕಮ್ಮಿ ಕಲೀತಾರೆ, ಆ ವ್ಯತ್ಯಾಸಕ್ಕೆ ಈ ಹೆಸರು. 2005ರಲ್ಲಿ ಅಮೆರಿಕದ ಸಂಶೋಧಕರಾದ ಡೇನಿಯಲ್ ಆಂಡರ್ಸನ್, ಟಿಫನಿ ಪೆಂಪೆಕ್ ಬರೆದ ಲೇಖನದಿಂದ ಬಳಕೆಗೆ ಬಂತು. ಇದು ಕಾಯಿಲೆಯ ಹೆಸರಲ್ಲ, ಆರೋಗ್ಯವಾಗಿರೋ ಮಕ್ಕಳಲ್ಲೂ ಇರುತ್ತೆ.

ಅಮೆರಿಕದ ಸಿಯಾಟಲ್‌ನಲ್ಲಿ ಸಂಶೋಧಕಿ ಪೆಟ್ರೀಷಿಯಾ ಕುಲ್ ತಂಡ ಮಾಡಿದ ಪ್ರಯೋಗ 2003ರಲ್ಲಿ ಪ್ರಕಟ ಆಯ್ತು. ಇಂಗ್ಲಿಷ್ ಮಾತಾಡೋ ಮನೆಗಳ 9 ತಿಂಗಳ ಮಕ್ಕಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದ್ರು, 12 ಸಲ, ಸಲಕ್ಕೆ 25 ನಿಮಿಷದ ಹಾಗೆ. ಕೆಲವು ಮಕ್ಕಳ ಮುಂದೆ ಮ್ಯಾಂಡರಿನ್‌ನವರೇ ಕೂತು ಪುಸ್ತಕ ಓದಿ ಆಟ ಆಡಿಸಿದ್ರು, ಇನ್ನು ಕೆಲವಕ್ಕೆ ಅದೇ ಜನರನ್ನ ಡಿವಿಡಿಯಲ್ಲಿ ತೋರಿಸಿದ್ರು. ಎದುರಿಗೆ ಕೇಳಿದ ಮಕ್ಕಳು ಆ ಭಾಷೆಯ ವ್ಯಂಜನಗಳ ವ್ಯತ್ಯಾಸ ಗುರುತಿಸಿದ್ವು. ಡಿವಿಡಿ ನೋಡಿದ ಮಕ್ಕಳು ಮ್ಯಾಂಡರಿನ್ ಕೇಳೇ ಇಲ್ದಿರೋ ಮಕ್ಕಳ ಥರಾನೇ ಇದ್ವು.

ಯಾಕೆ ಹೀಗೆ? ತುತ್ತು ತಿನ್ನಿಸೋವಾಗ ಮಗು ಕಾಗೆ ಕಡೆ ಬೆರಳು ಮಾಡಿ ಕಾ ಅನ್ನುತ್ತೆ, ನಾವು ಹೂಂ ಪುಟ್ಟಿ ಕಾಗೆ, ಅಯ್ಯೋ ಹಾರೋಯ್ತು ನೋಡು ಅಂತೀವಿ. ಮಗು ಯಾವುದನ್ನ ನೋಡ್ತಿದೆಯೋ ಅದರ ಹೆಸರು ಆ ಕ್ಷಣಕ್ಕೇ ಕಿವಿಗೆ ಬೀಳುತ್ತೆ. ಸ್ಕ್ರೀನ್ ಗೆ ಮಗು ಎಲ್ಲಿ ನೋಡ್ತಿದೆ ಗೊತ್ತಿಲ್ಲ, ಮಗು ಏನೋ ಅಂತು ಅಂತ ಕಾಯೋದೂ ಇಲ್ಲ. ಇನ್ನೊಂದು ಕಾರಣ, ಸ್ಕ್ರೀನಲ್ಲಿ ಕಂಡಿದ್ದು ನಮ್ಮ ರೂಮಿಗೂ ಸಂಬಂಧಪಟ್ಟಿದ್ದು ಅಂತ ಆ ವಯಸ್ಸಿಗೆ ಸುಲಭಕ್ಕೆ ಹೊಳೆಯಲ್ಲ. ಪಕ್ಕದ ಕೋಣೆಯಲ್ಲಿ ಗೊಂಬೆ ಬಚ್ಚಿಡೋದನ್ನ ಕಿಟಕಿಯಿಂದ ನೋಡಿದ ಎರಡು ವರ್ಷದ ಮಕ್ಕಳು ಸೀದಾ ಹೋಗಿ ತೆಗೀತಾರೆ, ಅದನ್ನೇ ಟಿವಿಯಲ್ಲಿ ನೋಡಿದವರು ತುಂಬಾ ಸಲ ತಪ್ಪು ಜಾಗ ಹುಡುಕ್ತಾರೆ, 1998ರಲ್ಲೇ ಇದನ್ನ ಪರೀಕ್ಷೆ ಮಾಡಿದಾರೆ. ನಮ್ಮ ಪುಟ್ಟಿಯ ಕೆಂಪು ಬಕೆಟ್ ಕಥೆನೂ ಇಂಥದ್ದೇ ಅನ್ಸುತ್ತೆ ನಂಗೆ.

ಎಜುಕೇಷನಲ್ ವಿಡಿಯೋ ತಾನೇ ಅನ್ನೋರಿಗೆ ಸಂಶೋಧಕಿ ಜೂಡಿ ಡೆಲೋಚ್ ಅವರ 2010ರ ಅಧ್ಯಯನ ಹೇಳ್ಬೇಕು. 12ರಿಂದ 18 ತಿಂಗಳ ಮಕ್ಕಳು ಒಂದು ತಿಂಗಳು ಪದ ಕಲಿಸೋ ಡಿವಿಡಿ ನೋಡಿದ್ರೂ, ನೋಡದ ಮಕ್ಕಳಿಗಿಂತ ಹೆಚ್ಚೇನೂ ಕಲೀಲಿಲ್ಲ. ಡಿವಿಡಿ ಇಲ್ದೆ ಅಪ್ಪ ಅಮ್ಮ ಮನೆಕೆಲಸದ ಮಧ್ಯೆ ಹೇಳ್ಕೊಟ್ಟ ಮಕ್ಕಳು ಎಲ್ಲರಿಗಿಂತ ಜಾಸ್ತಿ ಕಲಿತ್ರು. ಡಿವಿಡಿ ಇಷ್ಟಪಟ್ಟ ಅಪ್ಪ ಅಮ್ಮಂದಿರಿಗೆ ಮಾತ್ರ ಮಗು ತುಂಬಾ ಕಲ್ತಿದೆ ಅಂತಾನೇ ಅನ್ಸಿತ್ತು, ಅಕ್ಕನ ಥರ.

ವಿಡಿಯೋ ಕಾಲ್ ಬೇರೆ ಲೆಕ್ಕ. ಎರಡು ಎರಡೂವರೆ ವರ್ಷದ ಮಕ್ಕಳು ತಿರುಗಿ ಉತ್ತರ ಕೊಡೋ ವಿಡಿಯೋ ಕಾಲ್‌ನಿಂದ ಹೊಸ ಪದ ಕಲಿತ್ರು, ರೆಕಾರ್ಡಿಂಗಿಂದ ಕಲೀಲಿಲ್ಲ ಅಂತ 2014ರ ಅಧ್ಯಯನ ಇದೆ. ಭಾರತದ ಮಕ್ಕಳ ವೈದ್ಯರ ಸಂಘ ಐಎಪಿ ಕೂಡ ಎರಡು ವರ್ಷದೊಳಗೆ ಸ್ಕ್ರೀನ್ ಬೇಡ ಅಂದು, ಆಗೀಗ ನೆಂಟರ ವಿಡಿಯೋ ಕಾಲ್ ಗೆ ಮಾತ್ರ ಸರಿ ಅಂದಿದೆ. ಹೊರದೇಶದಲ್ಲಿರೋರು ಊರಿನ ಅಜ್ಜಿ ಜೊತೆ ಮಗುನ ಧೈರ್ಯವಾಗಿ ಮಾತಾಡಿಸಬಹುದು.

ಆದ್ರೆ ಮಾತು ತಡ ಆಯ್ತು ಅಂದಕೂಡ್ಲೆ ಎಲ್ಲಾ ಮೊಬೈಲಿಂದಾನೇ ಅಂದ್ಕೊಂಡು ಸುಮ್ನೆ ಕೂರ್ಬೇಡಿ. ಕಿವಿ ಸರಿಯಾಗಿ ಕೇಳದೆಯೂ ಮಾತು ಬರದೆ ಇರಬಹುದು. ಹೆಸರು ಕರೆದ್ರೆ ತಿರುಗದಿದ್ರೆ, ಎರಡು ವರ್ಷಕ್ಕೆ ಅಮ್ಮ ಬಾ ಅನ್ನೋ ಥರ ಎರಡು ಪದ ಸೇರಿಸದಿದ್ರೆ ತೋರಿಸ್ಲೇಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮುಂದಿನ ವಾರ ಪುಟ್ಟಿನ ಅಲ್ಲಿಗೇ ಕರ್ಕೊಂಡು ಹೋಗ್ತಿದೀವಿ.