ಪದ ಪರಿಚಯ: ಲೀಡಿಂಗ್ ಶೂ

ಹಳೆಯ ಜೀಪು ಅಥವಾ ಜಿಪ್ಸಿಯ ಹಿಂದಿನ ಚಕ್ರ ಕಳಚಿ ಅದರ ಜೊತೆ ತಿರುಗುವ ಡೋಲಿನಾಕಾರದ ಬ್ರೇಕ್ ಡ್ರಮ್ ಎಳೆದು ತೆಗೆದರೆ, ಬ್ಯಾಕ್ ಪ್ಲೇಟ್ ಎಂಬ ತಿರುಗದ ತಟ್ಟೆಯ ಮೇಲೆ ಎದುರುಬದುರಾಗಿ ಕೂತ ಎರಡು ಕಮಾನಿನಾಕಾರದ ಉಕ್ಕಿನ ತುಂಡುಗಳು ಕಾಣುತ್ತವೆ. ಇವೇ ಬ್ರೇಕ್ ಶೂಗಳು. ಅವುಗಳ ಹೊರಮೈಗೆ ರಿವೆಟ್ ಹೊಡೆದೋ ಅಂಟಿಸಿಯೋ ಕೂರಿಸಿರುವ, ಡ್ರಮ್ಮಿನ ಒಳಗೋಡೆಗೆ ಉಜ್ಜುವ ಪಟ್ಟಿಯನ್ನು ಗ್ಯಾರೇಜಿನಲ್ಲಿ ಲೈನರ್ ಎನ್ನುತ್ತಾರೆ. ನೋಟಕ್ಕೆ ಎರಡೂ ಶೂಗಳು ಅವಳಿಗಳಂತಿದ್ದರೂ ಅವು ಮಾಡುವ ಕೆಲಸ ಸಮವಲ್ಲ. ಡ್ರಮ್ ತಿರುಗುವ ರಭಸವನ್ನೇ ಬಳಸಿಕೊಂಡು, ಪೆಡಲ್ ಕೊಟ್ಟ ಬಲಕ್ಕಿಂತ ಹೆಚ್ಚು ಬಿಗಿಯಾಗಿ ಡ್ರಮ್ಮಿಗೆ ಒತ್ತಿಕೊಳ್ಳುವ ಶೂಗೆ ಲೀಡಿಂಗ್ ಶೂ ಎಂದು ಹೆಸರು. ಇನ್ನೊಂದು ಟ್ರೇಲಿಂಗ್ ಶೂ.

ಈ ಹೆಚ್ಚುವರಿ ಬಲ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ಸರಳವಾದ ಡ್ರಮ್ ಬ್ರೇಕಿನಲ್ಲಿ ಮೇಲ್ಭಾಗದಲ್ಲಿ, ಪೆಡಲಿನ ಒತ್ತಡವನ್ನು ಬ್ರೇಕ್ ಎಣ್ಣೆಯ ಮೂಲಕ ಪಡೆಯುವ ವೀಲ್ ಸಿಲಿಂಡರ್ ಇರುತ್ತದೆ. ಕೆಳಭಾಗದಲ್ಲಿ ಎರಡೂ ಶೂಗಳ ಬುಡ ಅಲುಗದ ಆಧಾರವಾದ ಆ್ಯಂಕರ್‌ಗೆ ಆನಿಕೊಂಡಿರುತ್ತದೆ. ಪೆಡಲ್ ತುಳಿದಾಗ ಸಿಲಿಂಡರಿನ ಪಿಸ್ಟನ್‌ಗಳು ಶೂಗಳ ತಲೆಯನ್ನು ಹೊರಕ್ಕೆ ತಳ್ಳುತ್ತವೆ. ವಾಹನ ಮುಂದಕ್ಕೆ ಹೋಗುತ್ತಿರುವಾಗ, ಅದರ ಮುಂಭಾಗದ ಕಡೆಗಿರುವ ಶೂವಿನ ಎದುರಿಗೆ ಡ್ರಮ್ಮಿನ ಗೋಡೆ ಮೇಲಿನಿಂದ ಕೆಳಕ್ಕೆ, ಅಂದರೆ ಸಿಲಿಂಡರ್ ಕಡೆಯಿಂದ ಆ್ಯಂಕರ್ ಕಡೆಗೆ ಸರಿಯುತ್ತಿರುತ್ತದೆ. ಲೈನರ್ ತಾಗಿದೊಡನೆ ಘರ್ಷಣೆಯು ಆ ಶೂವನ್ನೂ ತನ್ನ ಜೊತೆ ಕೆಳಕ್ಕೆಳೆಯಲು ನೋಡುತ್ತದೆ. ಬುಡ ಆ್ಯಂಕರ್‌ನಲ್ಲಿ ಸಿಕ್ಕಿಕೊಂಡಿರುವುದರಿಂದ ಆ ಎಳೆತವು ಶೂವಿನ ತಲೆಯನ್ನು ಇನ್ನಷ್ಟು ಹೊರಕ್ಕೆ ವಾಲಿಸಿ ಡ್ರಮ್ಮಿಗೆ ಒತ್ತುತ್ತದೆ. ಒತ್ತಡ ಹೆಚ್ಚಿದಷ್ಟೂ ಘರ್ಷಣೆ, ಘರ್ಷಣೆ ಹೆಚ್ಚಿದಷ್ಟೂ ಒತ್ತಡ. ಬಾಗಿಲು ತಾನಾಗಿ ಮುಚ್ಚದಂತೆ ಅಡಿಗೆ ಸಿಕ್ಕಿಸಿದ ಮರದ ಬೆಣೆ, ಬಾಗಿಲನ್ನು ತಳ್ಳಿದಷ್ಟೂ ಬಿಗಿಯಾಗುವುದು ಇದೇ ಬಗೆಯಲ್ಲಿ. ಹಿಂಭಾಗದ ಶೂವಿನಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ: ಅಲ್ಲಿ ಡ್ರಮ್ ಕೆಳಗಿನಿಂದ ಮೇಲಕ್ಕೆ ಸರಿಯುತ್ತ ಶೂವನ್ನು ತನ್ನಿಂದ ಆಚೆಗೆ ನೂಕುತ್ತದೆ. ಹೀಗಾಗಿ ಸಾಮಾನ್ಯವಾಗಿ ಲೀಡಿಂಗ್ ಶೂ ತನ್ನ ಜೊತೆಗಾರನ ಎರಡು ಪಟ್ಟಿಗೂ ಮೀರಿದ ಕೆಲಸ ಮಾಡುತ್ತದೆ, ಬೇಗ ಸವೆಯುವುದೂ ಅದೇ. ಒಂದು ಲೈನರ್ ತೆಳ್ಳಗಾಗಿ ಇನ್ನೊಂದು ದಪ್ಪಗೇ ಉಳಿದಿದ್ದರೆ ಅದನ್ನು ದೋಷವೆಂದು ತಿಳಿಯಬೇಕಾಗಿಲ್ಲ.

ವಾಹನ ಹಿಂದಕ್ಕೆ ಚಲಿಸಿದರೆ ಪಾತ್ರಗಳು ಅದಲುಬದಲಾಗುತ್ತವೆ. ಚಾರ್ಮಾಡಿಯಂಥ ಘಟ್ಟದ ಏರಿನಲ್ಲಿ ನಿಲ್ಲಿಸಿದ ಗಾಡಿ ಹಿಂದಕ್ಕೆ ಜಾರಲು ನೋಡುವಾಗ ಹಿಂಭಾಗದ ಶೂವೇ ಲೀಡಿಂಗ್ ಆಗಿ ಅದನ್ನು ಹಿಡಿದು ನಿಲ್ಲಿಸುತ್ತದೆ. ಎರಡೂ ದಿಕ್ಕಿನಲ್ಲಿ ಒಂದೇ ಸಮನೆ ಹಿಡಿಯುವ ಈ ಗುಣಕ್ಕಾಗಿಯೇ, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂದ ಮೇಲೂ ಹಿಂದಿನ ಚಕ್ರಗಳಲ್ಲಿ ಡ್ರಮ್ ಬಹುಕಾಲ ಉಳಿದುಕೊಂಡಿತು. ಹ್ಯಾಂಡ್ ಬ್ರೇಕಿಗೆ ಅದು ಹೇಳಿ ಮಾಡಿಸಿದಂತಿದೆ. 1985ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಜಿಪ್ಸಿ ಇದೇ ಲೀಡಿಂಗ್‑ಟ್ರೇಲಿಂಗ್ ಜಾತಿಯದು.

ಶೂ ಬದಲಿಸಲು ಹೊರಟವರನ್ನು ಹೆಚ್ಚು ಗೊಂದಲಕ್ಕೆ ಕೆಡವುವುದು ಇನ್ನೊಂದು ಜಾತಿ, ಅದರ ಹೆಸರು ಡ್ಯುಯೋ‑ಸರ್ವೋ. 1984ರಿಂದ 2001ರವರೆಗೆ ತಯಾರಾದ ಜೀಪ್ ಚೆರೋಕಿ ಎಕ್ಸ್‌ಜೆ ಗಾಡಿಯ ಹಿಂದಿನ ಡ್ರಮ್ಮಿನಲ್ಲಿ ಇದನ್ನು ನೋಡಬಹುದು. ಇಲ್ಲಿ ಆ್ಯಂಕರ್ ಮೇಲಿದೆ, ಸಿಲಿಂಡರಿನ ತಲೆಯ ಮೇಲೆಯೇ. ಕೆಳಗೆ ಶೂಗಳು ಯಾವುದಕ್ಕೂ ಬಿಗಿದಿಲ್ಲ, ನಡುವೆ ತೇಲುವ ಅಡ್ಜಸ್ಟರ್ (ಉದ್ದ ಹೆಚ್ಚುಕಡಿಮೆ ಮಾಡಬಲ್ಲ ತಿರುಪಿನ ಕಡ್ಡಿ) ಒಂದು ಅವುಗಳನ್ನು ಜೋಡಿಸುತ್ತದೆ. ಮುಂದಿನ ಶೂ ಡ್ರಮ್ಮಿನ ಜೊತೆ ಕೆಳಕ್ಕೆ ಸರಿಯುತ್ತ, ತನಗೆ ಸಿಕ್ಕ ಬಲವನ್ನೆಲ್ಲ ಅಡ್ಜಸ್ಟರ್ ಮೂಲಕ ಹಿಂದಿನ ಶೂವಿಗೆ ದಾಟಿಸುತ್ತದೆ. ಹಿಂದಿನದು ಆ ಬಲಕ್ಕೆ ತನ್ನ ಎಳೆತವನ್ನೂ ಸೇರಿಸಿಕೊಂಡು ಆ್ಯಂಕರ್‌ಗೆ ಒತ್ತಿ ನಿಲ್ಲುತ್ತದೆ. ಮುಂದಕ್ಕೆ ಓಡುವಾಗ ಎರಡೂ ಲೀಡಿಂಗ್, ಆದರೆ ಹೆಚ್ಚಿನ ಭಾರ ಹಿಂದಿನದರ ಮೇಲೆ. ಆದ್ದರಿಂದ ಇಲ್ಲಿ ಮುಂದಿನದನ್ನು ಪ್ರೈಮರಿ, ಹಿಂದಿನದನ್ನು ಸೆಕೆಂಡರಿ ಎನ್ನುತ್ತಾರೆ. ಗಿಡ್ಡ ಲೈನರಿನ ಶೂ ಮುಂದೆ ಬರಬೇಕು, ಉದ್ದ ಲೈನರಿನದು ಹಿಂದೆ.

ಹಳೆಯ ವಿಲ್ಲೀಸ್ ಜೀಪುಗಳ 9 ಇಂಚಿನ ಬ್ರೇಕಿನಲ್ಲಿ ನಿಯಮ ಸರಿಯಾಗಿ ತಿರುಗುಮುರುಗು. ಅಲ್ಲಿ ಆ್ಯಂಕರ್ ಕೆಳಗಿದೆ, ಹೆಚ್ಚು ದುಡಿಯುವುದು ಮುಂದಿನ ಶೂ, ಉದ್ದ ಲೈನರ್ ಸೇರಬೇಕಾದದ್ದೂ ಅಲ್ಲಿಗೇ. ಆದ್ದರಿಂದ ‘ಉದ್ದದ್ದು ಯಾವಾಗಲೂ ಹಿಂದೆ’ ಎಂಬಂಥ ಬಾಯಿಪಾಠವನ್ನು ನಂಬುವುದಕ್ಕಿಂತ, ಆ್ಯಂಕರ್ ಎಲ್ಲಿದೆ ಎಂದು ಮೊದಲು ನೋಡುವುದು ಮೇಲು. ಶೂಗಳನ್ನು ಅದಲುಬದಲಾಗಿ ಕೂರಿಸಿದರೂ ಡ್ರಮ್ ಸಲೀಸಾಗಿ ಕೂರುತ್ತದೆ, ಗಾಡಿ ಓಡುತ್ತದೆ, ಬ್ರೇಕೂ ಒಂದು ಮಟ್ಟಿಗೆ ಹಿಡಿಯುತ್ತದೆ; ತಪ್ಪು ಗೊತ್ತಾಗುವುದು ಗಿಡ್ಡ ಲೈನರ್ ಅಕಾಲದಲ್ಲಿ ಸವೆದು ರಿವೆಟ್ ತಲೆಗಳು ಡ್ರಮ್ಮನ್ನು ಗೀರತೊಡಗಿದಾಗ. ರಿವೆಟ್ ತಲೆಯ ಮೇಲೆ ಲೈನರ್ ಸುಮಾರು 0.8 ಮಿ.ಮೀ.ಗೆ ಇಳಿದಿದ್ದರೆ ಶೂ ಬದಲಿಸುವ ಕಾಲ ಬಂದಿದೆ ಎಂಬುದು ಹಳೆಯ ರೂಢಿ. ಬದಲಿಸುವಾಗ ಎರಡೂ ಬದಿಯ ಚಕ್ರಗಳಿಗೆ ಹೊಸದು ಹಾಕಬೇಕು, ಆದರೆ ಎರಡೂ ಬದಿಯನ್ನು ಒಟ್ಟಿಗೆ ಬಿಚ್ಚಬಾರದು. ಯಾವ ಸ್ಪ್ರಿಂಗ್ ಯಾವ ತೂತಿನಲ್ಲಿತ್ತು ಎಂಬ ಸಂದೇಹ ಬಂದಾಗ ಬಿಚ್ಚದ ಬದಿಯೇ ಉತ್ತರ ಹೇಳುತ್ತದೆ. ಎಡಬಲ ಕನ್ನಡಿಬಿಂಬದಂತೆ ತಿರುಗಿರುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಚೆರೋಕಿಯಂಥ ಗಾಡಿಗಳಲ್ಲಿ ಎಡ ಮತ್ತು ಬಲದ ಅಡ್ಜಸ್ಟರ್‌ಗಳ ತಿರುಪಿನ ಸುತ್ತು ಕೂಡ ವಿರುದ್ಧ ದಿಕ್ಕಿನದು, ಹಾಗಾಗಿ ಅವನ್ನು ಒಂದೇ ಡಬ್ಬಿಗೆ ಹಾಕದಿರುವುದು ಕ್ಷೇಮ.

ಇಲ್ಲಿ ಫೋರ್ ವೀಲ್ ಡ್ರೈವ್ ಗಾಡಿಗಳಿಗೇ ಸಂಬಂಧಿಸಿದ ಒಂದು ಎಚ್ಚರಿಕೆ ಇದೆ. ವಿಲ್ಲೀಸ್ ಮೂಲದ ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಂದಿನ ಚಕ್ರದಲ್ಲಿರುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಬಲವನ್ನು ಮುಂದಿನ ಹಿಂದಿನ ಆಕ್ಸಲ್ಲುಗಳಿಗೆ ಹಂಚುವ ಪೆಟ್ಟಿಗೆಯ) ಹಿಂದೆ ಬೇರೆಯದೇ ಸಣ್ಣ ಡ್ರಮ್ ಇದ್ದು, ಅದು ಹಿಂದಿನ ಆಕ್ಸಲ್ಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಚಕ್ರವನ್ನು ಜಾಕಿಯಿಂದ ಎತ್ತಿದ ಕ್ಷಣವೇ ಈ ಹಿಡಿತ ವ್ಯರ್ಥವಾಗುತ್ತದೆ, ಏಕೆಂದರೆ ಶಾಫ್ಟ್ ನಿಂತಿದ್ದರೂ, ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಮೂಲಕ ನೆಲದ ಮೇಲಿನ ಚಕ್ರ ಒಂದು ದಿಕ್ಕಿಗೂ ಎತ್ತಿದ ಚಕ್ರ ಇನ್ನೊಂದು ದಿಕ್ಕಿಗೂ ತಿರುಗಬಲ್ಲವು. ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡೆಗಲ್ಲು ಕೊಟ್ಟು, ಆಕ್ಸಲ್ಲನ್ನು ಸ್ಟ್ಯಾಂಡಿನ ಮೇಲೆ ಕೂರಿಸದೆ ಡ್ರಮ್ಮಿಗೆ ಕೈ ಹಾಕಬಾರದು. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸುವುದೂ ಬೇಡ. ಹಳೆಯ ಲೈನರ್‌ಗಳಲ್ಲಿ ಕಲ್ನಾರು ಇರುವುದುಂಟು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಲೀಡಿಂಗ್ ಶೂವಿನ ಶಕ್ತಿಯೇ ಅದರ ದೌರ್ಬಲ್ಯವೂ ಹೌದು. ಘರ್ಷಣೆಯಲ್ಲಿ ಆಗುವ ಸಣ್ಣ ಏರುಪೇರನ್ನೂ ಅದು ದೊಡ್ಡದು ಮಾಡಿ ತೋರಿಸುತ್ತದೆ. ಹಳ್ಳ ದಾಟಿದ ಮೇಲೆ ನೀರು ನಿಂತ ಡ್ರಮ್ ಹಿಡಿಯದೆ ಜಾರುವುದು, ಉದ್ದ ಇಳಿಜಾರಿನಲ್ಲಿ ಕಾದ ಬ್ರೇಕ್ ಪೂರ್ತಿ ಸೋಲುವುದು, ಒಂದು ಬದಿ ಜಗ್ಗುವುದು, ಎಲ್ಲಕ್ಕೂ ಮೂಲ ಇದೇ. ಆಕ್ಸಲ್ಲಿನ ಆಯಿಲ್ ಸೀಲ್ ಸೋರಿ ಗೇರ್ ಎಣ್ಣೆ ಲೈನರಿಗೆ ಹತ್ತಿದ್ದರೆ, ಸೀಲನ್ನು ಹಾಗೆಯೇ ಬಿಟ್ಟು ಹೊಸ ಶೂ ಹಾಕುವುದು ದುಡ್ಡು ದಂಡ.

ಹೊಸ ಶೂ ಕೂರಿಸಿದ ಮೇಲೆ ಲೈನರಿಗೂ ಡ್ರಮ್ಮಿಗೂ ನಡುವಿನ ಎಡೆಯನ್ನು ಹೊಂದಿಸಬೇಕು. ವಿಲ್ಲೀಸ್ ಬ್ರೇಕಿನಲ್ಲಿ ಬ್ಯಾಕ್ ಪ್ಲೇಟಿನ ಹಿಂದಿನ ಕ್ಯಾಮ್ (ಓರೆ ಕೇಂದ್ರದ ಬಿಲ್ಲೆ) ತಿರುಗಿಸಿ ಚಕ್ರ ಬಿಗಿಯುವವರೆಗೆ ಶೂವನ್ನು ಹೊರಕ್ಕೆ ತಂದು, ಮತ್ತೆ ಚಕ್ರ ಬಿಡಿಯಾಗಿ ತಿರುಗುವಷ್ಟೇ ಹಿಂದಕ್ಕೆ ಬಿಡುತ್ತಾರೆ. ಎರಡು ಶೂಗಳಿಗೂ ಇದನ್ನು ಬೇರೆ ಬೇರೆಯಾಗಿ ಮಾಡಬೇಕು. ಚೆರೋಕಿಯ ಅಡ್ಜಸ್ಟರ್ ತಾನೇ ಬಿಗಿದುಕೊಳ್ಳುವಂಥದ್ದು. ಆದರೆ ಸೆಕೆಂಡರಿ ಶೂ ಆ್ಯಂಕರ್‌ನಿಂದ ಸರಿದಾಗ ಮಾತ್ರ ಅದು ಕೆಲಸ ಮಾಡುವುದರಿಂದ, ಡ್ರಮ್ ಮುಚ್ಚಿ ಚಕ್ರ ಹಾಕಿದ ಬಳಿಕ ಗಾಡಿಯನ್ನು ಖಾಲಿ ಜಾಗದಲ್ಲಿ ಹಿಂದಕ್ಕೆ ಓಡಿಸುತ್ತ, ಪೆಡಲ್ ಮೇಲೇರಿ ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ಬ್ರೇಕ್ ಒತ್ತಬೇಕು.