ಪದ ಪರಿಚಯ: ಲೌಹ ಕಪಾಟ

ಕನ್ನಡದ ಕಿವಿಗೆ ‘ಕಪಾಟು’ ಎಂದರೆ ಬಟ್ಟೆ, ಪುಸ್ತಕ ಇಡುವ ಬೀರು. ‘ಪಾಷಾಣ’ ಎಂದರೆ ಇಲಿಗೆ ಇಡುವ ವಿಷ. ಬಂಗಾಳಿ ಕವಿ ಕಾಜಿ ನಜ್ರುಲ್ ಇಸ್ಲಾಂ ಅವರ ‘ಕಾರಾರ್ ಒಯ್ ಲೌಹೊ ಕೊಪಾಟ್’ ಹಾಡನ್ನು ಈ ಅರ್ಥಗಳ ಜೊತೆ ಕೇಳಿದರೆ ಮೊದಲ ಸಾಲುಗಳಲ್ಲೇ ಎಡವುತ್ತೇವೆ. ಸಂಸ್ಕೃತದಲ್ಲಿ ಕಪಾಟ ಎಂದರೆ ಬಾಗಿಲಿನ ಕದ, ಬಂಗಾಳಿಯಲ್ಲೂ ಅದೇ. ‘ಕಾರಾರ್’ ಎಂದರೆ ಸೆರೆಮನೆಯ, ‘ಒಯ್’ ಎಂದರೆ ಆ, ಅಗೋ ಅಲ್ಲಿರುವ. ಒಟ್ಟಿನಲ್ಲಿ ಸೆರೆಮನೆಯ ಆ ಕಬ್ಬಿಣದ ಕದ. ಅದನ್ನು ಒಡೆದು ‘ಲೋಪಾಟ್’ ಮಾಡಿ, ಅಂದರೆ ಹೇಳಹೆಸರಿಲ್ಲದಂತೆ ಮಾಡಿ ಎಂಬುದು ಕರೆ.

ಪಾಷಾಣ ಇಲ್ಲಿ ಕಲ್ಲು. ‘ಶಿಕಲ್’ ಎಂಬುದು ಶೃಂಖಲೆಯಿಂದ ಬಂದ ಮಾತು, ನಮ್ಮ ಸಂಕೋಲೆಯ ದಾಯಾದಿ. ಸಂಕೋಲೆಯನ್ನೇ ದೇವರೆಂದು ಪೂಜಿಸುವ ಕಲ್ಲಿನ ವೇದಿಕೆ, ಅದರ ಮೇಲೆ ಹೆಪ್ಪುಗಟ್ಟಿದ ರಕ್ತ: ಇದು ಹಾಡಿನ ಮೊದಲ ಚಿತ್ರ. ಮುಂದೆ ಬರುವ ‘ವಿಷಾಣ’ಕ್ಕೂ ವಿಷಕ್ಕೂ ನಂಟಿಲ್ಲ. ಅದು ಊದುವ ಕೊಂಬು, ಪ್ರಳಯದ ಕಹಳೆ. ‘ನಿಶಾನ್’ ಬಾವುಟ, ನಮ್ಮ ನಿಶಾನೆಯೇ.

1921ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಸರ್ಕಾರ ಸ್ವಾತಂತ್ರ್ಯ ಹೋರಾಟದ ನಾಯಕ ಚಿತ್ತರಂಜನ್ ದಾಸರನ್ನು ಬಂಧಿಸಿತು. ಅವರ ‘ಬಾಂಗ್ಲಾರ್ ಕಥಾ’ ಪತ್ರಿಕೆಯ ಹೊಣೆ ಹೊತ್ತ ಪತ್ನಿ ಬಸಂತಿ ದೇವಿ, ನಜ್ರುಲ್ ಅವರಿಂದ ಒಂದು ಕವಿತೆ ಕೇಳಿ ಕಳಿಸಿದರು. ಬಂದದ್ದು ಇದು. ಕವಿಗೆ ಆಗ 22 ವರ್ಷ; ತಮ್ಮ ಹೆಸರಾಂತ ಕವಿತೆ ‘ವಿದ್ರೋಹಿ’ ಬರೆದದ್ದೂ ಅದೇ ತಿಂಗಳು. 1922ರ ಜನವರಿಯಲ್ಲಿ ಹಾಡು ಅಚ್ಚಾಯಿತು. 1924ರಲ್ಲಿ ಇದನ್ನೊಳಗೊಂಡ ‘ಭಾಂಗಾರ್ ಗಾನ್’ (ಒಡೆಯುವ ಹಾಡು) ಸಂಕಲನ ಹೊರಬಂದು, ಅದೇ ವರ್ಷ ನಿಷೇಧಕ್ಕೆ ಒಳಗಾಯಿತು. ಗಿರಿನ್ ಚಕ್ರವರ್ತಿ ಅವರ ದನಿಯಲ್ಲಿ ರೆಕಾರ್ಡ್ ಆದದ್ದು 1949ರಲ್ಲಿ, ಬ್ರಿಟಿಷರು ಹೋದ ಮೇಲೆ. 1970ರಲ್ಲಿ, ಬಾಂಗ್ಲಾದೇಶ ಇನ್ನೂ ಪೂರ್ವ ಪಾಕಿಸ್ತಾನವಾಗಿದ್ದಾಗ, ಢಾಕಾದ ನಿರ್ದೇಶಕ ಜಹೀರ್ ರೈಹಾನ್ ತಮ್ಮ ‘ಜೀಬನ್ ಥೇಕೆ ನೇಯಾ’ ಚಿತ್ರದಲ್ಲಿ ಇದನ್ನು ಬಳಸಿದರು. ಈ ಸಲ ಎದುರಿದ್ದದ್ದು ಪಾಕಿಸ್ತಾನದ ಆಡಳಿತ.

ಸೆರೆಮನೆ ಒಡೆಯಲು ಕವಿ ಕರೆಯುವುದು ಶಿವನನ್ನು. ‘ತರುಣ ಈಶಾನ’, ‘ಪಾಗ್ಲಾ ಭೋಲಾ’ ಎರಡೂ ಅವನೇ. ‘ಗಾಜನ್’ ಎಂದರೆ ಚೈತ್ರದ ಕೊನೆಗೆ ಬಂಗಾಳದ ಹಳ್ಳಿಗಳಲ್ಲಿ ನಡೆಯುವ ಶಿವನ ಜಾತ್ರೆ. ಅಲ್ಲಿ ಢಾಕ್ ಎಂಬ ದೊಡ್ಡ ಚರ್ಮವಾದ್ಯದ್ದೇ ಅಬ್ಬರ. ‘ಕಾಲಬೈಶಾಖಿ’ ಅದೇ ಹೊತ್ತಿನ ಗುಡುಗು ಬಿರುಗಾಳಿ. ಜಾತ್ರೆ, ವಾದ್ಯ, ಗಾಳಿ ಮೂರನ್ನೂ ಒಂದೇ ಋತುವಿನಿಂದ ಎತ್ತಿಕೊಂಡದ್ದು ಕವಿಯ ಹದ. ಆ ಶಿವನ ಪಕ್ಕದಲ್ಲೇ ‘ಹೈದರಿ ಹಾಂಕ್’ ಇದೆ. ಇದನ್ನು ಮೈಸೂರಿನ ಹೈದರಾಲಿಗೆ ಹೊಂದಿಸಬಾರದು. ಹೈದರ್, ಅಂದರೆ ಸಿಂಹ, ಪ್ರವಾದಿಯ ಅಳಿಯ ಅಲಿಯವರ ಬಿರುದು. ಇದು ಅವರ ಯುದ್ಧದ ಕೂಗು. ಶಿವ ಮತ್ತು ಅಲಿ ಇಬ್ಬರನ್ನೂ ಒಂದೇ ಬೀಗ ಒಡೆಯಲು ಕರೆಯುವ ಧೈರ್ಯ ನಜ್ರುಲ್ ಅವರದು.

ಹಾಡುವಾಗ ಗಮನಿಸಬೇಕಾದ್ದು ಪ್ರಾಸ. ಎರಡು ಸಾಲು, ಆಮೇಲೊಂದು ತುಂಡು ಸಾಲು, ಮೂರಕ್ಕೂ ಒಂದೇ ಕೊನೆ: ಕೊಪಾಟ್, ಲೋಪಾಟ್, ಜಮಾಟ್ (ಹೆಪ್ಪುಗಟ್ಟಿದ). ನಂತರದ ಉದ್ದ ಸಾಲು ‘ಬೇದಿ’ (ವೇದಿಕೆ) ಎಂದು ಮುಗಿದು, ಮುಂದಿನ ಗುಂಪಿನ ‘ಭೇದಿ’ಯಲ್ಲಿ (ಭೇದಿಸಿ) ಜೊತೆ ಸೇರುತ್ತದೆ. ಆ ಮೂರು ‘ಟ್’ಗಳು ಕದಕ್ಕೆ ಬೀಳುವ ಪೆಟ್ಟು. ಹಾಗಾಗಿ ಉಸಿರು ತೆಗೆದುಕೊಳ್ಳುವುದು ಉದ್ದ ಸಾಲಿನ ನಂತರ. ತುಂಡು ಸಾಲಿಗೆ ಮುಂಚೆ ನಿಂತರೆ ಮೂರನೇ ಪೆಟ್ಟು ಸಡಿಲವಾಗುತ್ತದೆ. ಸ್ವರಾಂತ್ಯಕ್ಕೆ ಒಗ್ಗಿದ ಕನ್ನಡ ನಾಲಗೆ ‘ಕಪಾಟ’, ‘ಜಮಾಟ’ ಎಂದು ಎಳೆಯುತ್ತದೆ. ಎಳೆದರೆ ಪೆಟ್ಟೇ ಇಲ್ಲ. ಬಂಗಾಳಿ ‘ಅ’ಕಾರ ಬಹಳ ಕಡೆ ‘ಒ’ದ ಕಡೆಗೆ ಬಾಗುವುದರಿಂದ ‘ಲೌಹೊ’, ‘ಕೊಪಾಟ್’.

2023ರ ನವೆಂಬರ್‌ನಲ್ಲಿ ‘ಪಿಪ್ಪಾ’ ಚಿತ್ರಕ್ಕಾಗಿ ಎ. ಆರ್. ರೆಹಮಾನ್ ಇದಕ್ಕೆ ಬೇರೆ ಧಾಟಿ ಕೂರಿಸಿದಾಗ ಎರಡೂ ಬಂಗಾಳಗಳಲ್ಲಿ ಆಕ್ಷೇಪ ಎದ್ದಿತು, ಕವಿಯ ಕುಟುಂಬದವರೂ ದನಿಗೂಡಿಸಿದರು. ನಿರ್ಮಾಪಕರು ಭಾವನೆಗೆ ನೋವಾಗಿದ್ದರೆ ಕ್ಷಮೆ ಇರಲಿ ಎಂದರು. ಆ ಧಾಟಿ ಕೇಳಲು ಇಂಪಾಗಿಯೇ ಇದೆ, ಆದರೆ ಸಾಲಿನ ಕೊನೆಗಳು ಅದರಲ್ಲಿ ತೇಲಿಹೋಗುತ್ತವೆ. ಒದ್ದು ಬೀಗ ಮುರಿ ಎನ್ನುವ ಹಾಡಿಗೆ ಅದು ಒಗ್ಗುವುದಿಲ್ಲ.